ರಸ್ತೆ ಚೆಂದವಾಯಿತು, ಲಾಭ ಯಾರ ಕೈಗೆ ಹೋಯಿತು?

ಪ್ರಶ್ನೆ: ಉತ್ತರ ಕರ್ನಾಟಕದ ಒಂದು ನಗರದ ಹಳೇ ಪೇಟೆಯಲ್ಲಿ ನನ್ನ ಬಟ್ಟೆ ಅಂಗಡಿ ಇದೆ. ಮಳಿಗೆ ಬಾಡಿಗೆಯದು. ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ನಮ್ಮ ರಸ್ತೆಯನ್ನು ಅಗೆದು ಹೊಸದಾಗಿ ಮಾಡಿದರು. ಕೆಲಸ ಮುಗಿಯುವ ತನಕ ವ್ಯಾಪಾರ ಪೂರ್ತಿ ಕುಸಿದಿತ್ತು. ಈಗ ರಸ್ತೆ ಚೆನ್ನಾಗಿದೆ, ಅದನ್ನು ಒಪ್ಪುತ್ತೇನೆ. ಆದರೆ ಮಾಲೀಕರು ಬಾಡಿಗೆ ಜಾಸ್ತಿ ಕೇಳುತ್ತಿದ್ದಾರೆ. ಸರ್ಕಾರ ಇಂಥ ಯೋಜನೆಗಳಿಗೆ ದುಡ್ಡು ಹಾಕಿದರೆ ಊರಿನ ಆರ್ಥಿಕತೆ ಬೆಳೆಯುತ್ತದೆ ಅನ್ನುತ್ತಾರೆ. ಅದು ನಿಜವೇ? ನಿಜವಾದರೆ ಆ ಲಾಭ ಯಾರಿಗೆ ಸೇರುತ್ತದೆ?

ಉತ್ತರ: ಬೆಳೆಯಬಹುದು. ಆದರೆ ಹೇಳುವಷ್ಟು ಬೆಳೆಯುವುದು ಅಪರೂಪ. ಬೆಳೆದದ್ದರಲ್ಲಿ ದೊಡ್ಡ ಪಾಲು ಜಾಗದ ಬೆಲೆಯಲ್ಲಿ ಹೋಗಿ ಕೂರುತ್ತದೆ. ಜಾಗ ಯಾರದೋ ಲಾಭ ಅವರದು. ನಿಮ್ಮಂಥ ಬಾಡಿಗೆದಾರರಿಗೆ ಅದು ಕೊನೆಗೆ, ಉಳಿದರೆ ಮಾತ್ರ ಸಿಗುತ್ತದೆ. ನಿಮ್ಮ ಮಾಲೀಕರು ಬಾಡಿಗೆ ಏರಿಸಲು ಹೊರಟಿರುವುದು ಈ ಲೆಕ್ಕದ ಭಾಗವೇ. ಇದು ಯಾಕೆ ಹೀಗಾಗುತ್ತದೆ, ಬೇರೆ ಥರ ಆದ ಊರುಗಳೂ ಇವೆಯೇ ಅನ್ನುವುದನ್ನು ಸ್ವಲ್ಪ ವಿವರವಾಗಿ ನೋಡೋಣ.

ಮೊದಲು ಯೋಜನೆಯ ಹಿನ್ನೆಲೆ. ಸ್ಮಾರ್ಟ್ ಸಿಟಿ ಮಿಷನ್ ಶುರುವಾಗಿದ್ದು 2015ರ ಜೂನ್‌ನಲ್ಲಿ. ದೇಶದ 100 ನಗರಗಳಿಗೆ ಕೇಂದ್ರದಿಂದ ಒಟ್ಟು 48,000 ಕೋಟಿ ರೂಪಾಯಿ, ಅಂದರೆ ಒಂದು ನಗರಕ್ಕೆ ಸರಾಸರಿ 500 ಕೋಟಿಯ ಹತ್ತಿರ. ಅಷ್ಟೇ ಮೊತ್ತವನ್ನು ರಾಜ್ಯ ಮತ್ತು ನಗರಾಡಳಿತ ಸೇರಿ ಹಾಕಬೇಕಿತ್ತು. ಕರ್ನಾಟಕದಿಂದ ಬೆಳಗಾವಿ ಮತ್ತು ದಾವಣಗೆರೆ ಮೊದಲ ಪಟ್ಟಿಯಲ್ಲೇ ಬಂದವು. ಆಮೇಲೆ ಹುಬ್ಬಳ್ಳಿ-ಧಾರವಾಡ, ಮಂಗಳೂರು, ಶಿವಮೊಗ್ಗ, ತುಮಕೂರು, ಕೊನೆಗೆ ಬೆಂಗಳೂರು ಸೇರಿದವು. ಗಡುವು ಹಲವು ಸಲ ಮುಂದಕ್ಕೆ ಹೋಗಿ 2025ರ ಮಾರ್ಚ್ 31ಕ್ಕೆ ಮಿಷನ್ ಮುಗಿಯಿತು. ಅಷ್ಟರಲ್ಲಿ ದೇಶದಾದ್ಯಂತ ಸುಮಾರು 8,000 ಕಾಮಗಾರಿಗಳಿಗೆ ಸುಮಾರು 1.6 ಲಕ್ಷ ಕೋಟಿ ರೂಪಾಯಿ ಲೆಕ್ಕ ಹಾಕಲಾಗಿತ್ತು.

ಈ ಅಂಕಿಗಳು ಹೇಳುವುದು ಎಷ್ಟು ಖರ್ಚಾಯಿತು, ಎಷ್ಟು ಕೆಲಸ ಮುಗಿಯಿತು ಅನ್ನುವುದನ್ನು. ಆ ಖರ್ಚಿನಿಂದ ಪೇಟೆಯಲ್ಲಿ ಏನು ಬದಲಾಯಿತು ಅನ್ನುವುದು ಬೇರೆಯದೇ ಲೆಕ್ಕ. ನಮ್ಮಲ್ಲಿ ಮೊದಲನೆಯದನ್ನೇ ಎರಡನೆಯದು ಅಂತ ಹೇಳುವ ಅಭ್ಯಾಸ ಬೆಳೆದುಬಿಟ್ಟಿದೆ. 100 ಕೋಟಿ ಖರ್ಚಾಯಿತು ಅಂದರೆ ಊರಿಗೆ 100 ಕೋಟಿ ಬಂತು ಅಂತಲ್ಲ.

ಯಾಕೆ ಅಂತ ನೋಡಿ. ನಿಮ್ಮ ರಸ್ತೆಗೆ ಹಾಕಿದ ದುಡ್ಡಿನ ಬೆನ್ನು ಹತ್ತಿ ಹೋಗೋಣ. ಟೆಂಡರ್ ಪಡೆದ ಗುತ್ತಿಗೆದಾರರು ಬಹಳ ಸಲ ಬೇರೆ ಊರಿನವರು, ಎಷ್ಟೋ ಸಲ ಬೇರೆ ರಾಜ್ಯದವರು. ಸಿಮೆಂಟು, ಕಬ್ಬಿಣ, ಪೈಪು ಹೊರಗಿಂದ ಬಂದವು. ಕೆಲಸಗಾರರು ದೂರದಿಂದ ಬಂದವರಾದರೆ ಊಟಕ್ಕೆ ಆಗುವಷ್ಟು ಇಲ್ಲಿ ಖರ್ಚು ಮಾಡಿ, ಮಿಕ್ಕಿದ್ದನ್ನು ಊರಿಗೆ ಕಳಿಸಿದರು. ಅದು ಅವರ ದುಡಿಮೆ, ತಪ್ಪೇನೂ ಇಲ್ಲ. ಆದರೆ ಆ ಹಣ ನಿಮ್ಮ ಊರಿನ ಅಂಗಡಿಗಳಲ್ಲಿ ಓಡಾಡಲಿಲ್ಲ. ಕಲ್ಲು ಹತ್ತಿರದ ಕ್ವಾರಿಯಿಂದ ಬಂದಿದ್ದರೆ, ಗಾರೆ ಕೆಲಸದವರು ಸ್ಥಳೀಯರಾಗಿದ್ದರೆ ಪರಿಣಾಮ ಬೇರೆ. ಅವರು ಸಂಬಳದ ದಿನ ಕಿರಾಣಿ ಅಂಗಡಿಗೆ ಹೋಗುತ್ತಾರೆ, ಮಕ್ಕಳಿಗೆ ನಿಮ್ಮ ಅಂಗಡಿಯಲ್ಲೇ ಬಟ್ಟೆ ತಗೊಳ್ಳುತ್ತಾರೆ. ಸರ್ಕಾರ ಹಾಕಿದ ಒಂದು ರೂಪಾಯಿ ಊರೊಳಗೆ ಇನ್ನೂ ಕೆಲವು ಕೈ ಬದಲಾಯಿಸುತ್ತದೆ.

ಈ ದೃಷ್ಟಿಯಿಂದ ಎಲ್ಲ 100 ನಗರಗಳಲ್ಲೂ ಕಟ್ಟಿದ ಕಮಾಂಡ್ ಕಂಟ್ರೋಲ್ ಸೆಂಟರ್‌ಗಳನ್ನು, ಅಂದರೆ ಒಂದೇ ಕಡೆ ಕೂತು ಇಡೀ ಊರಿನ ಮೇಲೆ ಕಣ್ಣಿಡುವ ಕೇಂದ್ರಗಳನ್ನು ನೋಡಿ. ಕ್ಯಾಮೆರಾ, ದೊಡ್ಡ ಪರದೆ, ಸಾಫ್ಟ್‌ವೇರ್ ಎಲ್ಲ ಹೆಚ್ಚುಕಡಿಮೆ ಹೊರಗಿನ ಖರೀದಿ. ಸಂಚಾರ ನಿರ್ವಹಣೆಗೆ ಅವು ಬೇಕಾಗಬಹುದು. ಕೋವಿಡ್ ಕಾಲದಲ್ಲಿ ಹಲವು ನಗರಗಳಿಗೆ ವಾರ್ ರೂಮ್ ಆಗಿ ಉಪಯೋಗಕ್ಕೂ ಬಂದವು. ಆದರೆ ಸ್ಥಳೀಯ ಸಂಪಾದನೆ ಹೆಚ್ಚಿಸುವ ಕೆಲಸ ಅಂತ ಅದನ್ನು ಕರೆಯಲು ಆಗುವುದಿಲ್ಲ.

ಇದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದು. ರಸ್ತೆ ಚೆಂದವಾದ ಮೇಲೆ ಬಂದ ಗಿರಾಕಿ ಎಲ್ಲಿಂದ ಬಂದ? ಪಕ್ಕದ ಪೇಟೆಯಲ್ಲಿ ಸೀರೆ ತಗೊಳ್ಳುತ್ತಿದ್ದವರು ಈಗ ನಿಮ್ಮಲ್ಲಿಗೆ ಬಂದರೆ ನಿಮಗೆ ಲಾಭ. ಊರಿಗೆ ಸೊನ್ನೆ. ಊರಿನ ಆರ್ಥಿಕತೆ ಬೆಳೆಯಬೇಕಾದರೆ ಹೊಸ ದುಡ್ಡು ಒಳಗೆ ಬರಬೇಕು. ಸುತ್ತಲ ತಾಲೂಕಿನ ಜನ ಮದುವೆ ಜವಳಿಗೆ ಬೇರೆ ದೊಡ್ಡ ಊರಿಗೆ ಹೋಗುವ ಬದಲು ನಿಮ್ಮ ಪೇಟೆಗೆ ಬರಬೇಕು. ಇಲ್ಲವೇ ಅದೇ ಕೆಲಸ ಕಡಿಮೆ ಖರ್ಚಿನಲ್ಲಿ, ಕಡಿಮೆ ಹೊತ್ತಿನಲ್ಲಿ ಆಗುವಂತಿರಬೇಕು. ಮಳೆ ಬಂದಾಗ ಅಂಗಡಿಗೆ ನೀರು ನುಗ್ಗದಿದ್ದರೆ, ಲಾರಿ ಒಳಗೆ ಬಂದು ಮಾಲು ಇಳಿಸಲು ಅರ್ಧ ದಿನ ಕಾಯುವುದು ತಪ್ಪಿದರೆ ಅದು ನಿಜವಾದ ಬೆಳವಣಿಗೆ. ಫೋಟೋದಲ್ಲಿ ಅದು ಕಾಣುವುದಿಲ್ಲ ಅಷ್ಟೇ.

ಅಮೆರಿಕದ ಬಾಲ್ಟಿಮೋರ್ ಈ ಪ್ರಶ್ನೆಯನ್ನು ಕೇಳಲೇಬೇಕಾದ ಊರು. ಅಲ್ಲಿ ಹಳೇ ಬಂದರಿನ ದಂಡೆಯನ್ನು ಸಾರ್ವಜನಿಕ ಹಣದಿಂದ ಸರಿಮಾಡಿದರು. 1980ರಲ್ಲಿ ಹಾರ್ಬರ್‌ಪ್ಲೇಸ್ ಅನ್ನುವ ಅಂಗಡಿ ಸಾಲು ತೆರೆಯಿತು. ಪ್ರವಾಸಿಗರು ತುಂಬಿಕೊಂಡರು. ಬೇರೆ ಬೇರೆ ದೇಶದವರು ಬಂದು ನೋಡಿ ನಕಲು ಮಾಡಿದರು. ಆದರೆ ದಂಡೆಯಿಂದ ಸ್ವಲ್ಪ ದೂರದ ಬಡಾವಣೆಗಳಲ್ಲಿ ಮನೆಗಳು ಖಾಲಿಯಾಗುತ್ತಲೇ ಹೋದವು. 1980ರಲ್ಲಿ ಸುಮಾರು 7.87 ಲಕ್ಷ ಇದ್ದ ನಗರದ ಜನಸಂಖ್ಯೆ 2020ಕ್ಕೆ 5.86 ಲಕ್ಷಕ್ಕೆ ಇಳಿಯಿತು. ಕಾರ್ಖಾನೆ ಕೆಲಸ ಹೋಗಿದ್ದಕ್ಕೆ ಹಾರ್ಬರ್‌ಪ್ಲೇಸ್ ಕಾರಣವಲ್ಲ. ಹೋದ ಕೆಲಸಗಳ ಜಾಗ ತುಂಬಲು ಅದರಿಂದ ಆಗಲಿಲ್ಲ. 2019ರಲ್ಲಿ ಅದೇ ಅಂಗಡಿ ಸಾಲನ್ನು ರಿಸೀವರ್, ಅಂದರೆ ಮಾಲೀಕರ ಬದಲು ಆಸ್ತಿ ನೋಡಿಕೊಳ್ಳಲು ಕೋರ್ಟ್ ನೇಮಿಸಿದವರ ಕೈಗೆ ಒಪ್ಪಿಸಬೇಕಾಯಿತು.

ಈಗ ಜಾಗದ ಬೆಲೆಯ ವಿಷಯಕ್ಕೆ ಬರೋಣ. ನಿಮ್ಮ ಪ್ರಶ್ನೆಯ ತಿರುಳು ಅದೇ ಅಲ್ವಾ?

ದಕ್ಷಿಣ ಕೊರಿಯಾದ ಸೋಲ್ ನಗರದ ನಡುವೆ ಚಂಗ್ಯೆಚನ್ ಅನ್ನುವ ಒಂದು ಹಳ್ಳ ಇತ್ತು. ಅದನ್ನು ಮುಚ್ಚಿ ಮೇಲೆ ರಸ್ತೆ, ರಸ್ತೆ ಮೇಲೆ ಇನ್ನೊಂದು ಮೇಲ್ಸೇತುವೆ ರಸ್ತೆ ಮಾಡಿದ್ದರು. 2003ರಲ್ಲಿ ನಗರಾಡಳಿತ ಆ ಮೇಲ್ಸೇತುವೆಯನ್ನು ಕೆಡವಿ, 5.8 ಕಿಲೋಮೀಟರ್ ಉದ್ದಕ್ಕೂ ಹಳ್ಳವನ್ನು ಮತ್ತೆ ತೆರೆಯಲು ಶುರು ಮಾಡಿತು. 2005ರಲ್ಲಿ ಕೆಲಸ ಮುಗಿಯಿತು. ನೀರು ಹರಿದಾಡಲು ಹಾನ್ ನದಿಯಿಂದ ದಿನಾ ಸುಮಾರು 1.2 ಲಕ್ಷ ಟನ್ ನೀರನ್ನು ಪಂಪ್ ಮಾಡುತ್ತಾರೆ. ಅದರ ಖರ್ಚು ಇವತ್ತಿಗೂ ನಡೆಯುತ್ತಲೇ ಇದೆ. ಆದರೂ ಜನ ಒಪ್ಪಿಕೊಂಡ ಯೋಜನೆ ಅದು. ಸುತ್ತಲಿನ ಬಿಸಿ ಇಳಿಯಿತು, ಗಾಳಿ ಸುಧಾರಿಸಿತು, ಬಸ್ಸಿನ ವ್ಯವಸ್ಥೆಯನ್ನೂ ಅದೇ ಹೊತ್ತಿಗೆ ಸರಿಮಾಡಿದ್ದರು. ಹಳ್ಳದಿಂದ 50 ಮೀಟರ್ ಒಳಗಿನ ಜಾಗದ ಬೆಲೆ 30ರಿಂದ 50 ಶೇಕಡಾ ಏರಿತು. ನಗರದ ಬೇರೆ ಕಡೆಗೆ ಹೋಲಿಸಿದರೆ ಇದು ಸುಮಾರು ಎರಡು ಪಟ್ಟು.

ಜಾಗದ ಮಾಲೀಕರು ಇದಕ್ಕಾಗಿ ಏನೂ ಮಾಡಿರಲಿಲ್ಲ. ದುಡ್ಡು ನಗರದ ಎಲ್ಲ ತೆರಿಗೆದಾರರದು. ಇನ್ನೊಂದು ಕಡೆ, ಆ ರಸ್ತೆಯ ಉದ್ದಕ್ಕೂ ಹತ್ಯಾರು, ದೀಪ, ಹಳೇ ಪುಸ್ತಕ, ಬಟ್ಟೆ ಮಾರುವ ಸಾವಿರಾರು ಸಣ್ಣ ಅಂಗಡಿಗಳಿದ್ದವು. ಬೀದಿ ವ್ಯಾಪಾರಿಗಳನ್ನು ಹತ್ತಿರದ ಒಂದು ಹಳೇ ಕ್ರೀಡಾಂಗಣಕ್ಕೆ ಕಳಿಸಿದರು. ಕೆಲವೇ ವರ್ಷಗಳಲ್ಲಿ ಆ ಕ್ರೀಡಾಂಗಣವನ್ನೂ ಇನ್ನೊಂದು ಯೋಜನೆಗಾಗಿ ಕೆಡವಿದರು. ವ್ಯಾಪಾರಿಗಳು ಮತ್ತೆ ಗಂಟು ಕಟ್ಟಿದರು. ಹತ್ಯಾರು ಅಂಗಡಿಯವರಿಗಾಗಿ ದೂರದಲ್ಲಿ ಗಾರ್ಡನ್ ಫೈವ್ ಅನ್ನುವ ದೊಡ್ಡ ಮಳಿಗೆ ಸಂಕೀರ್ಣ ಕಟ್ಟಿದರು. ಅಲ್ಲಿನ ಬೆಲೆ ಹಲವರ ಕೈಗೆ ಎಟುಕಲಿಲ್ಲ. ಯೋಜನೆ ಕೆಟ್ಟದಿತ್ತು ಅಂತ ನಾನು ಹೇಳುವುದಿಲ್ಲ. ಪೇಟೆಯಲ್ಲಿ ದುಡಿಯುವವರಿಗೂ ಪೇಟೆಯ ನೆಲ ಹೊಂದಿರುವವರಿಗೂ ಒಂದೇ ಯೋಜನೆ ಎರಡು ಥರ ಆಗುತ್ತದೆ ಅನ್ನುವುದು ಇಲ್ಲಿ ಚೆನ್ನಾಗಿ ಕಾಣುತ್ತದೆ.

ಹಾಗಾದರೆ ಏರಿದ ಬೆಲೆಯನ್ನು ಮತ್ತೆ ಸಾರ್ವಜನಿಕ ಕೈಗೆ ತಂದುಕೊಂಡ ಊರು ಇದೆಯೇ? ಇದೆ. ಸ್ಪೇನ್‌ನ ಬಿಲ್ಬಾವೊ. ಈ ಹೆಸರು ಹೇಳಿದ ಕೂಡಲೇ ಎಲ್ಲರಿಗೂ ನೆನಪಾಗುವುದು 1997ರಲ್ಲಿ ತೆರೆದ ಗುಗೆನ್‌ಹೈಮ್ ಮ್ಯೂಸಿಯಂ. ಫ್ರಾಂಕ್ ಗೇರಿ ವಿನ್ಯಾಸ ಮಾಡಿದ, ಹೊಳೆಯುವ ಲೋಹದ ಹೊದಿಕೆಯ ಕಟ್ಟಡ. ಒಂದೇ ಒಂದು ಕಟ್ಟಡ ಕಟ್ಟಿ ಊರನ್ನೇ ಎತ್ತಿ ನಿಲ್ಲಿಸಿದರು ಅನ್ನುವ ಕಥೆ ಜಗತ್ತಿನ ಎಲ್ಲ ಮೇಯರ್‌ಗಳಿಗೂ ಬಾಯಿಪಾಠ. ಮೊದಲ ವರ್ಷ ಸುಮಾರು 13 ಲಕ್ಷ ಜನ ಬಂದಿದ್ದೂ ನಿಜ. ಆದರೆ ನನಗೆ ಆ ಊರಿನಲ್ಲಿ ಮುಖ್ಯ ಅನ್ನಿಸುವುದು ಬೇರೆ ಎರಡು ಸಂಗತಿ.

ಒಂದು, ಮ್ಯೂಸಿಯಂಗೆ ಮೊದಲೇ ನೆಲದ ಕೆಳಗಿನ ಕೆಲಸ ನಡೆದಿತ್ತು. ಹಡಗು ಕಟ್ಟೆ ಮತ್ತು ಉಕ್ಕಿನ ಕಾರ್ಖಾನೆಗಳ ಕೊಳೆಯಿಂದ ಅಲ್ಲಿನ ನೆರ್ವಿಯೋನ್ ನದಿ ಸತ್ತೇ ಹೋಗಿತ್ತು. 1983ರಲ್ಲಿ ದೊಡ್ಡ ಪ್ರವಾಹವೂ ಬಂತು. ಒಳಚರಂಡಿ ಮತ್ತು ನೀರು ಶುದ್ಧ ಮಾಡುವ ಕೆಲಸಕ್ಕೆ ಮ್ಯೂಸಿಯಂಗಿಂತ ಎಷ್ಟೋ ಪಟ್ಟು ಹೆಚ್ಚು ಖರ್ಚು ಮಾಡಿದರು. 1995ರಲ್ಲಿ ಮೆಟ್ರೋ ಓಡಿತು. ಬಂದರನ್ನು ನಗರದ ನಡುವಿಂದ ಸಮುದ್ರದ ಕಡೆಗೆ ಸಾಗಿಸಿದರು. ಇಷ್ಟೆಲ್ಲ ಆದ ಊರಿಗೆ ಮ್ಯೂಸಿಯಂ ಬಂತು. ಬರೀ ಕಟ್ಟಡದ ಆಸೆಗೆ ಬಿದ್ದ ಬೇರೆ ಊರುಗಳಲ್ಲಿ ಅಷ್ಟು ಫಲ ಸಿಗದಿರಲು ಇದೇ ದೊಡ್ಡ ಕಾರಣ ಅಂತ ನನ್ನ ಅಭಿಪ್ರಾಯ.

ಎರಡು, ಲಾಭ ಮರಳಿ ಬರುವ ದಾರಿಯನ್ನು ಅವರು ಮೊದಲೇ ಮಾಡಿಟ್ಟಿದ್ದರು. 1992ರಲ್ಲಿ ಬಿಲ್ಬಾವೊ ರಿಯಾ 2000 ಅನ್ನುವ ಸಾರ್ವಜನಿಕ ಸಂಸ್ಥೆ ಕಟ್ಟಿದರು. ಅದರಲ್ಲಿ ಅರ್ಧ ಪಾಲು ಕೇಂದ್ರ ಸರ್ಕಾರದ ಕಡೆಯದು, ಅರ್ಧ ಸ್ಥಳೀಯ ಸರ್ಕಾರಗಳದು. ಬಂದರು, ರೈಲ್ವೆ ಇಂಥ ಸಾರ್ವಜನಿಕ ಸಂಸ್ಥೆಗಳು ತಮ್ಮ ಪಾಳು ಬಿದ್ದ ಜಾಗವನ್ನು ಇದರ ಕೈಗೆ ಕೊಟ್ಟವು. ಸಂಸ್ಥೆ ಜಾಗ ಸ್ವಚ್ಛ ಮಾಡಿ, ರಸ್ತೆ, ಪಾರ್ಕು ಮಾಡಿ, ಬೆಲೆ ಏರಿದ ಮೇಲೆ ಒಂದಷ್ಟು ಭಾಗವನ್ನು ಮಾರಿತು. ಬಂದ ದುಡ್ಡನ್ನು ಮುಂದಿನ ಬಡಾವಣೆಗೆ ಹಾಕಿತು. ಬೆಲೆ ಏರಿದ ಲಾಭ ಖಾಸಗಿಯವರ ಜೇಬಿಗೆ ಹೋಗುವ ಮುಂಚೆ ಊರಿನ ಕೈಗೆ ಸಿಕ್ಕಿತು. ಇದಲ್ಲದೆ ಬಿಲ್ಬಾವೊ ಇರುವ ಬಾಸ್ಕ್ ಪ್ರಾಂತಕ್ಕೆ ಒಂದು ವಿಶೇಷ ಅಧಿಕಾರ ಇದೆ. ಆದಾಯ ತೆರಿಗೆ, ಮಾರಾಟದ ಮೇಲಿನ ತೆರಿಗೆ ಎಲ್ಲವನ್ನೂ ಅಲ್ಲಿನ ಪ್ರಾಂತೀಯ ಖಜಾನೆಗಳೇ ವಸೂಲಿ ಮಾಡುತ್ತವೆ. ಕೇಂದ್ರಕ್ಕೆ ಅದರ ಪಾಲು ಕಟ್ಟುತ್ತವೆ. ಹಾಗಾಗಿ ಹೋಟೆಲ್ಲು, ಅಂಗಡಿಗಳಲ್ಲಿ ವ್ಯಾಪಾರ ಏರಿದಾಗ, ಖರ್ಚು ಮಾಡಿದ ಸರ್ಕಾರಗಳಿಗೇ ತೆರಿಗೆ ಮರಳಿ ಬಂತು.

ನಮ್ಮ ಊರುಗಳಲ್ಲಿ ಏನಾಗುತ್ತದೆ? ನಿಮ್ಮ ವ್ಯಾಪಾರ ಹೆಚ್ಚಾದರೆ ಜಿಎಸ್‌ಟಿ ಕೇಂದ್ರ ಮತ್ತು ರಾಜ್ಯಕ್ಕೆ ಹೋಗುತ್ತದೆ. ನಿಮ್ಮ ಪಾಲಿಕೆಗೆ ಅದರಲ್ಲಿ ನೇರ ಪಾಲಿಲ್ಲ. ಹಿಂದೆ ಆಕ್ಟ್ರಾಯ್ ಇತ್ತು, ಊರೊಳಗೆ ಮಾಲು ಬಂದಷ್ಟೂ ಪುರಸಭೆಗೆ ದುಡ್ಡು ಸಿಗುತ್ತಿತ್ತು. ಅದು 1979ರಲ್ಲೇ ಹೋಯಿತು. ಅದರಿಂದ ನಾಕಾಗಳ ಕಾಟ ತಪ್ಪಿದ್ದು ಒಳ್ಳೆಯದೇ ಆಯಿತು, ಆದರೆ ಪೇಟೆಯ ಏಳಿಗೆಗೂ ಪಾಲಿಕೆಯ ಖಜಾನೆಗೂ ಇದ್ದ ನಂಟು ಕಡಿದುಹೋಯಿತು. ಮಳಿಗೆ ಮಾರಾಟವಾದರೆ ಮುದ್ರಾಂಕ ಶುಲ್ಕದ ಬಹುಪಾಲು ರಾಜ್ಯಕ್ಕೆ. ಪಾಲಿಕೆಗೆ ಉಳಿಯುವುದು ಆಸ್ತಿ ತೆರಿಗೆ. ಅದನ್ನು ಜಾಗಕ್ಕೆ ಸರ್ಕಾರವೇ ನಿಗದಿ ಮಾಡಿದ ಮಾರ್ಗಸೂಚಿ ದರದ ಮೇಲೆ ಲೆಕ್ಕ ಹಾಕುತ್ತಾರೆ. ಆ ದರ ಪೇಟೆಯಲ್ಲಿ ನಿಜವಾಗಿ ನಡೆಯುವ ಬೆಲೆಯ ಹಿಂದೆ ಹಿಂದೆಯೇ ಇರುತ್ತದೆ.

ಇದರ ಪರಿಣಾಮ ಮುಂದೆ ಕಾಣುತ್ತದೆ. ಹೊಸ ಫುಟ್‌ಪಾತ್, ಅಲಂಕಾರದ ದೀಪ, ಕಾರಂಜಿ ಎಲ್ಲವನ್ನೂ ಮಿಷನ್ ದುಡ್ಡಿನಲ್ಲಿ ಮಾಡಿದರು. ಮಿಷನ್ ಮುಗಿಯಿತು. ಇನ್ನು ಕರೆಂಟ್ ಬಿಲ್ಲು, ಒಡೆದ ಕಲ್ಲು, ಕೆಟ್ಟ ಕ್ಯಾಮೆರಾ, ಗಿಡಕ್ಕೆ ನೀರು ಎಲ್ಲ ಪಾಲಿಕೆಯ ತಲೆ ಮೇಲೆ. ಆದಾಯ ಹೆಚ್ಚದೆ ಖರ್ಚು ಮಾತ್ರ ಹೆಚ್ಚಿದರೆ ಏನಾಗುತ್ತದೆ ಅಂತ ನಿಮಗೆ ಗೊತ್ತು. ಮಗಳ ಮದುವೆಗೆ ಬೀಗರು ಕಾರು ಕೊಟ್ಟರೂ ಪೆಟ್ರೋಲು ನಾವೇ ಹಾಕಬೇಕಲ್ಲ, ಹಾಗೆ. ಮೂರು ವರ್ಷ ನಿರ್ವಹಣೆ ಮಾಡದಿದ್ದರೆ ಆ ರಸ್ತೆ ಮತ್ತೆ ಹಳೇ ಸ್ಥಿತಿಗೆ ಬರುತ್ತದೆ. ಆಗ ಹಾಕಿದ ಬಂಡವಾಳವೂ ಹೋದ ಹಾಗೆಯೇ. ಇಂಥ ಯೋಜನೆಗಳ ಬಗ್ಗೆ ನನಗೆ ಅತಿ ಹೆಚ್ಚು ಚಿಂತೆ ಇರುವುದು ಈ ಜಾಗದಲ್ಲಿ.

ಹಾಗಂತ ರಸ್ತೆ ಕೆಲಸ ವ್ಯರ್ಥ ಅಂತ ದಯವಿಟ್ಟು ತಿಳಿಯಬೇಡಿ. ಬೆಂಗಳೂರಿನ ಟೆಂಡರ್‌ಶ್ಯೂರ್ ರಸ್ತೆಗಳನ್ನು ನೋಡಿ. ಸೇಂಟ್ ಮಾರ್ಕ್ಸ್ ರಸ್ತೆ, ರೆಸಿಡೆನ್ಸಿ ರಸ್ತೆ, ಕನ್ನಿಂಗ್‌ಹ್ಯಾಮ್ ರಸ್ತೆ ಇವೆಲ್ಲ ಆ ಸಾಲಿನವು. ಅಗಲ ಫುಟ್‌ಪಾತ್ ಎಲ್ಲರ ಕಣ್ಣಿಗೆ ಬೀಳುತ್ತದೆ. ಬೆಲೆ ಇರುವುದು ಅದರ ಕೆಳಗೆ. ನೀರು, ಒಳಚರಂಡಿ, ಕರೆಂಟ್, ಕೇಬಲ್ ಎಲ್ಲಕ್ಕೂ ಬೇರೆ ಬೇರೆ ದಾರಿ ಮಾಡಿ, ಮುಂದೆ ರಸ್ತೆ ಅಗೆಯುವ ಕೆಲಸ ಬರದಂತೆ ಯೋಜಿಸಿದ್ದಾರೆ. ಮೊದಲ ಖರ್ಚು ಜಾಸ್ತಿ. ಆದರೆ ಪ್ರತಿ ಸಲ ಅಗೆದಾಗಲೂ ಅಂಗಡಿಯವರು ಕಳೆದುಕೊಳ್ಳುವ ವ್ಯಾಪಾರವನ್ನು ಲೆಕ್ಕಕ್ಕೆ ತಂದರೆ ಅದು ಅಗ್ಗವೇ. ಚರ್ಚ್ ಸ್ಟ್ರೀಟ್ 2018ರಲ್ಲಿ ಹೊಸ ರೂಪದಲ್ಲಿ ತೆರೆಯಿತು. ಪಕ್ಕದಲ್ಲೇ ಮೆಟ್ರೋ ನಿಲ್ದಾಣ ಇರುವುದರಿಂದ ದೂರದ ಬಡಾವಣೆಯವರೂ ನಡೆದಾಡಲು, ಪುಸ್ತಕ ಕೊಳ್ಳಲು, ತಿನ್ನಲು ಅಲ್ಲಿಗೆ ಬರುತ್ತಾರೆ. ರಸ್ತೆಯ ಚೆಂದ ಮತ್ತು ತಲುಪುವ ಅನುಕೂಲ ಎರಡೂ ಸೇರಿದ್ದರಿಂದ ಅಲ್ಲಿ ಜನ ತುಂಬಿದರು. ನಿಮ್ಮ ಪೇಟೆಗೆ ಹಳ್ಳಿಯ ಬಸ್ಸು ಹತ್ತಿರ ನಿಲ್ಲದಿದ್ದರೆ, ಕಲ್ಲು ಹಾಸಿದ ಮಾತ್ರಕ್ಕೆ ಗಿರಾಕಿ ಹೆಚ್ಚುವುದಿಲ್ಲ.

ಕಾಮಗಾರಿ ನಡೆಯುವಾಗ ನೀವು ಕಳೆದುಕೊಂಡ ವ್ಯಾಪಾರದ ಬಗ್ಗೆ ಒಂದು ಮಾತು. ಯೋಜನಾ ವರದಿಗಳಲ್ಲಿ ಈ ನಷ್ಟಕ್ಕೆ ಸಾಮಾನ್ಯವಾಗಿ ಒಂದು ಸಾಲೂ ಇರುವುದಿಲ್ಲ. ನನ್ನ ಪ್ರಕಾರ ಇದು ದೊಡ್ಡ ಅನ್ಯಾಯ. ದೊಡ್ಡ ಅಂಗಡಿ ಒಂದು ವರ್ಷದ ನಷ್ಟ ತಡೆದುಕೊಳ್ಳುತ್ತದೆ. ಸಣ್ಣ ಅಂಗಡಿ ಸಾಲ ಮಾಡುತ್ತದೆ ಅಥವಾ ಬಾಗಿಲು ಹಾಕುತ್ತದೆ. ರಸ್ತೆ ಚೆಂದವಾಗುವ ಹೊತ್ತಿಗೆ ಅದರ ಲಾಭ ಪಡೆಯಬೇಕಾದವರೇ ಅಲ್ಲಿರುವುದಿಲ್ಲ. ಇಡೀ ರಸ್ತೆಯನ್ನು ಒಂದೇ ಸಲ ಅಗೆಯದೆ ತುಂಡು ತುಂಡಾಗಿ ಮಾಡುವುದು, ದೀಪಾವಳಿ ಮತ್ತು ಮದುವೆ ಸೀಸನ್‌ನಲ್ಲಿ ಅಗೆತ ನಿಲ್ಲಿಸುವುದು, ಆ ಅವಧಿಯ ಟ್ರೇಡ್ ಲೈಸೆನ್ಸ್ ಶುಲ್ಕ ಬಿಡುವುದು ಇವೆಲ್ಲ ಪಾಲಿಕೆಗೆ ಸಾಧ್ಯವಿರುವ ಕೆಲಸಗಳು. ಟೆಂಡರ್‌ನಲ್ಲೇ ಬರೆಯಬೇಕು, ಆಮೇಲೆ ಕೇಳಿದರೆ ಆಗುವುದಿಲ್ಲ.

ಗಾಡಿ ವ್ಯಾಪಾರಿಗಳನ್ನೂ ಮರೆಯಬಾರದು. ಹೂವು, ಹಣ್ಣು, ಮಿರ್ಚಿ ಭಜಿ ಗಾಡಿಗಳು ಇದ್ದಲ್ಲಿ ಜನ ನಿಲ್ಲುತ್ತಾರೆ, ನಿಂತವರು ಅಂಗಡಿಗೂ ಬರುತ್ತಾರೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ, ಸಮೀಕ್ಷೆ ಮುಗಿದು ಎಲ್ಲರಿಗೂ ಪ್ರಮಾಣಪತ್ರ ಕೊಡುವ ತನಕ ಅವರನ್ನು ಎಬ್ಬಿಸುವಂತಿಲ್ಲ. ಹೊಸ ರಸ್ತೆಯ ನಕ್ಷೆಯಲ್ಲೇ ಅವರಿಗೆ ಜಾಗ ಇರಬೇಕು.

ನಿಮ್ಮ ರಸ್ತೆಯಲ್ಲಿ ನಿಜಕ್ಕೂ ಏನಾಗಿದೆ ಅಂತ ತಿಳಿಯಲು ದೊಡ್ಡ ಅಧ್ಯಯನ ಬೇಕಿಲ್ಲ. ನಿಮ್ಮ ವರ್ತಕರ ಸಂಘವೇ ಮಾಡಬಹುದು. ಕಾಮಗಾರಿಗೆ ಮುಂಚಿನ ವರ್ಷ ಮತ್ತು ಈಗಿನ ವರ್ಷದ ವಹಿವಾಟನ್ನು ಸದಸ್ಯರಿಂದ ಹೆಸರಿಲ್ಲದೆ ಬರೆಸಿಕೊಳ್ಳಿ. ಬೆಲೆ ಏರಿಕೆಯನ್ನು ಕಳೆಯಲು ಮರೆಯಬೇಡಿ, ಇಲ್ಲದಿದ್ದರೆ ಎಲ್ಲರಿಗೂ ಸುಮ್ನೆ ಲಾಭ ಕಾಣುತ್ತದೆ. ಮುಖ್ಯವಾಗಿ, ಅಗೆಯದೆ ಉಳಿದ ಇನ್ನೊಂದು ಪೇಟೆಯ ಇದೇ ಲೆಕ್ಕವನ್ನು ಪಕ್ಕದಲ್ಲಿಡಿ. ಅಲ್ಲೂ ಅಷ್ಟೇ ಏರಿದ್ದರೆ ರಸ್ತೆಯಿಂದ ಏನೂ ಆಗಿಲ್ಲ. ಅಲ್ಲಿ ಇಳಿದು ನಿಮ್ಮಲ್ಲಿ ಏರಿದ್ದರೆ ವ್ಯಾಪಾರ ಜಾಗ ಬದಲಿಸಿದೆ. ಎಷ್ಟು ಅಂಗಡಿ ಕೈ ಬದಲಾದವು, ಎಷ್ಟು ಬಾಗಿಲು ಹಾಕಿವೆ ಅನ್ನುವುದನ್ನೂ ಎಣಿಸಿ. ಜೊತೆಗೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕೊಟ್ಟು ಎರಡು ವಿಷಯ ಕೇಳಿ. ಗುತ್ತಿಗೆದಾರರ ನಿರ್ವಹಣಾ ಅವಧಿ ಯಾವಾಗ ಮುಗಿಯುತ್ತದೆ, ಆಮೇಲೆ ಈ ರಸ್ತೆಗೆ ಪಾಲಿಕೆ ಬಜೆಟ್‌ನಲ್ಲಿ ಎಷ್ಟು ಇಟ್ಟಿದ್ದಾರೆ. 30 ದಿನದಲ್ಲಿ ಉತ್ತರ ಕೊಡಬೇಕು.

ಕೊನೆಗೆ ನಿಮ್ಮ ಬಾಡಿಗೆ. ಮಳಿಗೆ 14 ಚದರ ಮೀಟರ್, ಅಂದರೆ ಸುಮಾರು 150 ಚದರ ಅಡಿಗಿಂತ ದೊಡ್ಡದಾಗಿದ್ದರೆ ಕರ್ನಾಟಕ ಬಾಡಿಗೆ ಕಾಯ್ದೆಯ ರಕ್ಷಣೆ ನಿಮಗೆ ಸಿಗುವುದಿಲ್ಲ. ಆಗ ನಿಮ್ಮಿಬ್ಬರ ಕರಾರೇ ಆಧಾರ. 11 ತಿಂಗಳ ಕರಾರು ಇದ್ದರೆ ಪ್ರತಿ ವರ್ಷ ಇದೇ ಮಾತು ಎದ್ದು ಬರುತ್ತದೆ. ಈಗ ಮಾತುಕತೆ ನಡೆಯುತ್ತಿರುವುದರಿಂದ, ಒಂದಿಷ್ಟು ಏರಿಕೆಗೆ ಒಪ್ಪಿ, ಅದರ ಬದಲಿಗೆ ಐದು ವರ್ಷದ ಕರಾರು ಕೇಳಿ. ಪ್ರತಿ ವರ್ಷ ಎಷ್ಟು ಶೇಕಡಾ ಏರಬೇಕು ಅನ್ನುವುದನ್ನು ಅದರಲ್ಲೇ ಬರೆಸಿ. ಮತ್ತೆ ರಸ್ತೆ ಅಗೆದು ಅಂಗಡಿಗೆ ದಾರಿ ಮುಚ್ಚಿದರೆ ಆ ತಿಂಗಳುಗಳಲ್ಲಿ ಬಾಡಿಗೆ ಇಳಿಸಬೇಕು ಅನ್ನುವ ಷರತ್ತನ್ನೂ ಸೇರಿಸಿ. ಒಂದು ವರ್ಷ ಮೀರಿದ ಕರಾರನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿ ಮಾಡಿಸಲೇಬೇಕು. ಖರ್ಚು ಬರುತ್ತದೆ ಅಂತ ಹಿಂಜರಿಯಬೇಡಿ. ಸಹಿ ಹಾಕುವ ಮುಂಚೆ ಸ್ಥಳೀಯ ವಕೀಲರಿಗೆ ಒಮ್ಮೆ ತೋರಿಸಿ.